ನ್ಯಾನೊ ಡ್ರೋನ್‌ಗೂ ವಲಯದ ನಿಯಮ ಇದೆ

‘250 ಗ್ರಾಂ ಒಳಗಿನ ಡ್ರೋನ್ ಇದ್ದರೆ ಬೆಂಗಳೂರಲ್ಲಿ ಎಲ್ಲಿ ಬೇಕಾದರೂ ಹಾರಿಸಿ ಶೂಟ್ ಮಾಡಬಹುದು’ ಅಂತ ಬರೆದಿದ್ದೀರಿ. ಅರ್ಧ ಮಾತ್ರ ಸರಿ. 2021ರ ಡ್ರೋನ್ ನಿಯಮದಲ್ಲಿ ನ್ಯಾನೊ ಡ್ರೋನ್‌ಗೆ ಬೇಡ ಅಂದಿರುವುದು ಪೈಲಟ್ ಲೈಸೆನ್ಸ್. ಆಕಾಶವನ್ನು ಹಸಿರು, ಹಳದಿ, ಕೆಂಪು ಅಂತ ಹಂಚಿರುವ ವಲಯದ ನಿರ್ಬಂಧ ಅದಕ್ಕೂ ಇದೆ. ಎಚ್‌ಎಎಲ್, ಯಲಹಂಕ, ಜಕ್ಕೂರು ಮೂರೂ ವಿಮಾನ ನೆಲೆ ಇರುವ ಊರು ಸ್ವಾಮಿ ಇದು! ವಿಮಾನ ನಿಲ್ದಾಣದ ಸರಹದ್ದಿನಿಂದ 8–12 ಕಿ.ಮೀ. ನಡುವೆ ಹಸಿರು ವಲಯ (ಮುಂಚೆ ಅನುಮತಿ ಬೇಡದ್ದು) 200 ಅಡಿ ಎತ್ತರಕ್ಕೇ ಮುಗಿಯುತ್ತದೆ, ಬೇರೆ ಕಡೆಯ ಹಾಗೆ 400 ಅಲ್ಲ. ಹಳದಿಗೆ ಏರ್ ಟ್ರಾಫಿಕ್ ಕಂಟ್ರೋಲ್ ಒಪ್ಪಿಗೆ, ಕೆಂಪಿಗೆ ಕೇಂದ್ರ ಸರ್ಕಾರದ್ದು (ಮದುವೆ ಶೂಟಿಂಗ್‌ಗೆ ಅದರ ಆಸೆ ಬಿಡಿ). ನಿನ್ನೆ ನೋಡಿದ ವಲಯ ನಕ್ಷೆ ನಂಬಿ ಹೊರಡಬೇಡಿ: ಒಮ್ಮೆಗೆ 96 ಗಂಟೆವರೆಗೆ ತಾತ್ಕಾಲಿಕ ಕೆಂಪು ವಲಯ ಘೋಷಿಸಲು ಅವಕಾಶವಿದೆ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಆದರೆ ತೋಟಗಾರಿಕೆ ಇಲಾಖೆಯ ಅನುಮತಿ ಬೇರೆಯೇ ಕೇಳಬೇಕು.