ಬದಲಾವಣೆ ಅಷ್ಟು ಬೇಗ ಬರಲಿಲ್ಲ

ಸಾವನ್ನು ಹತ್ತಿರದಿಂದ ಕಂಡವರು ಬದುಕನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ ಎಂದು ಬರೆದಿದ್ದೀರಿ. ನಿಜ, ಆದರೆ ಅದು ಮಾರನೇ ದಿನವೇ ಆಗುವುದಿಲ್ಲ. ಅಪ್ಪನ ಕೊನೆಯ ರಾತ್ರಿ ನಾನು ಪಕ್ಕದಲ್ಲೇ ಇದ್ದೆ. ಉಸಿರು ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ನಡುವಿನ ಹೊತ್ತು ಉದ್ದವಾಗುತ್ತಾ ಹೋಯಿತು. ಆಗ ಯಾವ ಜ್ಞಾನೋದಯವೂ ಆಗಲಿಲ್ಲ, ಬರೀ ಭಯ. ಆಮೇಲೆ ತಿಂಗಳುಗಟ್ಟಲೆ ಸಿಟ್ಟು.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕ್ಯಾಲ್ಹೂನ್ 1996ರಲ್ಲಿ ಆಘಾತದ ನಂತರ ಮನುಷ್ಯನಲ್ಲಿ ಆಗುವ ಇಂಥ ಒಳ್ಳೆಯ ಬದಲಾವಣೆಯನ್ನು, ಅಂದರೆ ಬೆಳವಣಿಗೆಯನ್ನು, ಅಳೆಯಲು 21 ಅಂಶಗಳ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅವರು ಹೇಳುವುದೂ ಇದನ್ನೇ: ಮನುಷ್ಯನನ್ನು ಬೆಳೆಸುವುದು ಆಘಾತವಲ್ಲ, ಆಮೇಲೆ ಅದರ ಜೊತೆ ನಡೆಯುವ ಗುದ್ದಾಟ. ನೋವೂ ಬೆಳವಣಿಗೆಯೂ ಒಟ್ಟಿಗೇ ಇರಬಹುದು. ಹಾಗಾಗಿ ದುಃಖದಲ್ಲಿರುವವರಿಗೆ 'ಇದರಿಂದ ಏನಾದರೂ ಕಲಿ' ಅಂತ ಸುಮ್ನೆ ಹೇಳಬಾರದು, ಅಲ್ವಾ?

ನನ್ನಲ್ಲಿ ಆಗಿದ್ದು ಚಿಕ್ಕ ಬದಲಾವಣೆ. ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣನಿಗೆ ಫೋನ್ ಮಾಡಿದೆ. ಜಗಳ ಯಾಕೆ ಶುರುವಾಯಿತು ಅನ್ನುವುದೇ ಇಬ್ಬರಿಗೂ ಮರೆತುಹೋಗಿತ್ತು (ಅವನಿಗೆ ಸ್ವಲ್ಪ ನೆನಪಿತ್ತು ಅನ್ನಿಸುತ್ತದೆ). ಈಗ ವಾರಕ್ಕೊಮ್ಮೆ ಮಾತಾಡುತ್ತೇವೆ. ಜಾಸ್ತಿ ಏನಿಲ್ಲ, ಆರೋಗ್ಯ, ಮಕ್ಕಳು, ಒಮ್ಮೊಮ್ಮೆ ಅಪ್ಪ.