ನಾಲ್ಕು ಹೆಸರಿಗೇ ನಿಲ್ಲಬೇಡಿ, ಪಟ್ಟಿ ಪೂರ್ತಿ ಓದಿ

ಇವತ್ತು ಬೆಳಿಗ್ಗೆ ಮತ್ತೆ ಅದೇ ಪೋಸ್ಟ್ ಕಣ್ಣಿಗೆ ಬಿತ್ತು. ಟರ್ಕಿಯ ಬೋವಾಜ್‌ಕೋಯ್‌ನಲ್ಲಿ ಸಿಕ್ಕ ಜೇಡಿಮಣ್ಣಿನ ಹಲಗೆ. ಈಗಿನ ಟರ್ಕಿಯಲ್ಲಿ ಆಳಿದ ಹಿಟ್ಟೈಟರ ದೊರೆ ಸುಪ್ಪಿಲುಲಿಯುಮ ಮತ್ತು ಪಕ್ಕದ ಮಿತನ್ನಿ ರಾಜ್ಯದ ಶತ್ತಿವಾಜ ಕ್ರಿ.ಪೂ. 14ನೇ ಶತಮಾನದಲ್ಲಿ ಮಾಡಿಕೊಂಡ ಒಪ್ಪಂದ. ಅದಕ್ಕೆ ಸಾಕ್ಷಿಗಳಾಗಿ ಮಿತ್ರ, ವರುಣ, ಇಂದ್ರ, ನಾಸತ್ಯರ (ಅಶ್ವಿನೀ ದೇವತೆಗಳ) ಹೆಸರು ಇದೆ ಅಂತ ಎಲ್ಲರೂ ಹಂಚುತ್ತಾರೆ. ಓದಿದರೆ ನನಗೂ ಮೈ ಜುಮ್ಮೆನ್ನುತ್ತದೆ. ಆದರೆ ಅಲ್ಲಿಗೇ ಯಾಕೆ ನಿಲ್ಲುತ್ತೀರಿ? ಅದೇ ಸಾಕ್ಷಿಗಳ ಪಟ್ಟಿಯಲ್ಲಿ ಬೆಟ್ಟಗಳಿವೆ, ನದಿಗಳಿವೆ. ಆಕಾಶ, ಭೂಮಿ, ಗಾಳಿ, ಮೋಡ ಎಲ್ಲಾ ಇವೆ. ದೇವರುಗಳ ಸಾಲಿನಲ್ಲೇ ನಿಂತು ಆ ಮಾತು ಕೇಳಿಸಿಕೊಂಡಿವೆ. ಅವನ್ನು ಮಾತ್ರ ಯಾರೂ ಎತ್ತುವುದಿಲ್ಲ.

"ಅದು ಬರೆಯುವವರ ಮಾಮೂಲಿ ಒಕ್ಕಣೆ, ಎಲ್ಲಾ ಒಪ್ಪಂದದಲ್ಲೂ ಇರುತ್ತೆ" ಅಂತ ಗೆಳೆಯರೊಬ್ಬರು ವಾದಿಸಿದರು. ನಿಜ, ಆಮೇಲೆ ಹಿಟ್ಟೈಟರು ಈಜಿಪ್ಟಿನ ದೊರೆ ಎರಡನೇ ರಾಮ್ಸೆಸ್ ಜೊತೆ ಮಾಡಿಕೊಂಡ ಒಪ್ಪಂದದಲ್ಲೂ ಇದೆ. ಅಂದರೆ ಬೆಟ್ಟ, ಹೊಳೆಗಳನ್ನು ಬಿಟ್ಟು ಆಣೆ ಇಡುವುದೇ ಅವರಿಗೆ ಆಗದ ಮಾತು, ಅಲ್ವಾ? ಬರೀ ಒಕ್ಕಣೆಯಾಗಿದ್ದರೆ ದೊರೆಗಳು ಬೆಟ್ಟದ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದರಾ? ತುದ್ಹಾಲಿಯ ಅನ್ನುವುದು ಒಂದು ಬೆಟ್ಟ. ಅರ್ನುವಂದ ಇನ್ನೊಂದು. ಎರಡೂ ಹಿಟ್ಟೈಟ್ ದೊರೆಗಳ ಹೆಸರೂ ಹೌದು.

ಟರ್ಕಿಯ ಬೈಶೆಹಿರ್ ಊರಿನ ಹತ್ತಿರದ ಎಫ್ಲಾತುನ್ ಪಿನಾರ್ ನೋಡಿ. ನೆಲದಿಂದ ನೀರು ಉಕ್ಕುವ ಜಾಗ. ಹಿಟ್ಟೈಟರು ಅಲ್ಲೇ ಕೊಳ ಕಟ್ಟಿ, ಅಂಚಿನಲ್ಲಿ ದೊಡ್ಡ ಕಲ್ಲುಗಳನ್ನು ಪೇರಿಸಿ ದೇವರುಗಳನ್ನು ಕೆತ್ತಿದ್ದಾರೆ. ಕೆಳಗಿನ ಸಾಲಿನಲ್ಲಿ ಪರ್ವತ ದೇವರುಗಳು. ಅವರ ಮೈಯಲ್ಲಿ ತೂತು ಕೊರೆದಿದ್ದಾರೆ, ಒರತೆಯ ನೀರು ಅಲ್ಲಿಂದ ಕೊಳಕ್ಕೆ ಸುರಿಯಲಿ ಅಂತ. ಬೆಟ್ಟ ನೀರು ಕೊಡುತ್ತದೆ ಅನ್ನುವುದನ್ನು ಇದಕ್ಕಿಂತ ನೇರವಾಗಿ ತೋರಿಸುವುದು ಹೇಗೆ? ಇದರ ಫೋಟೋ ಮೊದಲು ನೋಡಿದಾಗ ನನಗೆ ಅಳು ಬಂದಿತ್ತು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

ಅವರ ರಾಜಧಾನಿ ಹತ್ತೂಶದ (ಇವತ್ತಿನ ಬೋವಾಜ್‌ಕೋಯ್) ಪಕ್ಕದ ಯಾಜಿಲಿಕಾಯದಲ್ಲೂ ಅಷ್ಟೇ. ಬಂಡೆಗಳ ನಡುವಿನ ಬಯಲೇ ಅಲ್ಲಿ ಗರ್ಭಗುಡಿ, ಮೇಲೆ ಸೂರಿಲ್ಲ. ಗುಡುಗಿನ ದೇವರು ತೆಶುಬ್ ನಿಂತಿರುವುದು ಇಬ್ಬರು ಪರ್ವತ ದೇವರುಗಳ ಹೆಗಲ ಮೇಲೆ. ಅವರು ತಲೆ ಬಗ್ಗಿಸಿ ಹೊತ್ತಿದ್ದಾರೆ.

"ಪ್ರಕೃತಿಗೆ ಹೆದರಿ ಪೂಜಿಸಿದರು" ಅಂತ ಸುಮ್ನೆ ಒಂದೇ ಸಾಲಿನಲ್ಲಿ ಮುಗಿಸುವವರೂ ಇದ್ದಾರೆ. ಮಳೆ ತಪ್ಪಿದರೆ ಹೆದರಿಕೆ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಬರೀ ಹೆದರಿಕೆಯಿಂದ ಯಾರೂ ಬೆಟ್ಟವನ್ನು ಒಪ್ಪಂದಕ್ಕೆ ಸಾಕ್ಷಿ ಕರೆಯುವುದಿಲ್ಲ. ಸಾಕ್ಷಿಗೆ ಕರೆಯುವುದು ನಂಬಿದವರನ್ನು. ಶತ್ತಿವಾಜ ಮಾತು ತಪ್ಪಿದರೆ ಏನಾಗಲಿ ಅಂತಲೂ ಅದೇ ಹಲಗೆಯಲ್ಲಿ ಬರೆದಿದೆ: ನಿನ್ನ ಕಾಲ ಕೆಳಗಿನ ನೆಲ ಮಂಜುಗಡ್ಡೆಯಾಗಲಿ, ನೀನು ಜಾರಿ ಬೀಳು. ನಿನ್ನ ನಾಡಿನ ಮಣ್ಣು ಕೆಸರಾಗಲಿ, ದಾಟಲಾಗದೆ ಹೂತುಹೋಗು. ಶಿಕ್ಷೆ ಕೊಡುವ ಕೆಲಸವನ್ನೂ ಅವರು ನೆಲಕ್ಕೇ ಒಪ್ಪಿಸಿದ್ದರು.