ದೊಡ್ಡಪ್ಪ ಕಾರ್ಗಿಲ್‌ಗೆ ಹೋಗಿರಲಿಲ್ಲ

ಕಳೆದ ಆಗಸ್ಟ್ 15ಕ್ಕೆ ನಮ್ಮೂರ ಹತ್ತಿರದ ಒಂದು ಶಾಲೆಯವರು ದೊಡ್ಡಪ್ಪನನ್ನು ಕರೆದಿದ್ದರು. ಪೇಟ, ಶಾಲು, ಹಾರ, ಒಂದು ತಟ್ಟೆ ಹಣ್ಣು. ಮೈಕ್ ಹಿಡಿದ ಮೇಷ್ಟ್ರು, “ಕಾರ್ಗಿಲ್ ವೀರ ಯೋಧರು ಇವತ್ತು ನಮ್ಮ ನಡುವೆ ಇದ್ದಾರೆ” ಎಂದು ಕೂಗಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಕಸಿವಿಸಿ. ದೊಡ್ಡಪ್ಪ ಮಿಲ್ಟ್ರಿಯಿಂದ ರಿಟೈರ್ ಆಗಿ ಬಂದದ್ದು 1994ರಲ್ಲಿ. ಕಾರ್ಗಿಲ್ ಯುದ್ಧ ನಡೆದದ್ದು 1999ರಲ್ಲಿ. ಆ ಹೊತ್ತಿಗೆ ಅವರು ಭರಮಸಾಗರದ ಕಡೆ ನಮ್ಮ ಹೊಲದಲ್ಲಿ ಶೇಂಗಾ ಬಿತ್ತುತ್ತಿದ್ದರು.

ವಾಪಸ್ ಬರುವಾಗ ಬೈಕ್‌ನಲ್ಲಿ ಕೇಳಿದೆ, “ಅಲ್ಲಾ ದೊಡ್ಡಪ್ಪ, ನಾನು ಕಾರ್ಗಿಲ್‌ಗೆ ಹೋಗಿಲ್ಲ ಅಂತ ಹೇಳಬಾರದಿತ್ತಾ?”

“ಶ್ರೀಲಂಕಾಕ್ಕೆ ಹೋಗಿದ್ದೆ ಅಂದ್ರೆ, ಅಲ್ಲಿಗೆ ಯಾಕೆ ಹೋಗಿದ್ರಿ ಅಂತ ಕೇಳ್ತಾವೆ ಹುಡ್ರು. ಏನ್ ಹೇಳ್ಲಿ ಹೇಳು?” ಅಂದರು. ಸ್ವಲ್ಪ ದೂರ ಹೋದ ಮೇಲೆ, “ಮೋರಿ ಬಂತು, ನಿಧಾನ ಹೋಗು” ಅಂದರು.

ಈ ಮೋರಿ ವಿಷಯ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ರಸ್ತೆಗೆ ಅಡ್ಡ ಮೋರಿ ಬಂದರೆ ದೊಡ್ಡಪ್ಪನ ಕಣ್ಣು ತಾನಾಗೇ ಕೆಳಗೆ ಹೋಗುತ್ತೆ. ನಡೆದು ಹೋಗುತ್ತಿದ್ದರೆ ಪಕ್ಕಕ್ಕಿಳಿದು ಒಂದು ಸಲ ಬಗ್ಗಿ ನೋಡಿಯೇ ಮುಂದೆ ಹೋಗುವುದು. ಚಿಕ್ಕವರಿದ್ದಾಗ ನಾವು ಅವರ ಹಿಂದೆ ನಿಂತು ಹಾಗೇ ಬಗ್ಗಿ ನಗುತ್ತಿದ್ದೆವು. ಯಾಕೆ ಹಾಗೆ ನೋಡ್ತಾರೆ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮೂವತ್ತು ವರ್ಷ.

ಅವರು ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ಭರ್ತಿಯಾದವರು. ಸ್ಯಾಪರ್, ಅಂದರೆ ಸೈನ್ಯದ ಎಂಜಿನಿಯರಿಂಗ್ ಕೆಲಸದ ಸೈನಿಕ. 1987ರ ಕೊನೆಗೆ ಅವರ ಕಂಪನಿಯನ್ನು ಶ್ರೀಲಂಕಾದ ಉತ್ತರ ತುದಿಯ ಜಾಫ್ನಾಕ್ಕೆ ಕಳಿಸಿದರು. ಊರಿಗೆ ಬರುತ್ತಿದ್ದ ಇನ್‌ಲ್ಯಾಂಡ್ ಲೆಟರ್ ಮೇಲೆ ‘56 ಎಪಿಒ’ ಅಂತ ಸೈನ್ಯದ ಅಂಚೆ ನಂಬರು ಮಾತ್ರ ಇರುತ್ತಿತ್ತು. ಎಲ್ಲಿದ್ದಾರೆ ಅಂತ ದೊಡ್ಡಮ್ಮನಿಗೂ ಸರಿಯಾಗಿ ಗೊತ್ತಿರಲಿಲ್ಲ. ವಾಪಸ್ ಬರುವಾಗ ಜಪಾನಿನದ್ದೊಂದು ಟೂ ಇನ್ ಒನ್ ತಂದರು. ಅಷ್ಟು ದೊಡ್ಡ ಟೇಪ್‌ರೆಕಾರ್ಡರ್ ಊರಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಗಣಪತಿ ಕೂರಿಸಿದಾಗ ಅದೇ ಬೇಕು, ಮದುವೆಗೂ ಅದೇ ಬೇಕು. ನಮ್ಮೂರಿಗೆ ಆ ಯುದ್ಧದಿಂದ ಬಂದು ತಲುಪಿದ್ದು ಅದೊಂದೇ.

ಇಷ್ಟು ಬರೆದು ನಿಲ್ಲಿಸಿದರೆ ಮನೆ ಕಥೆ ಆಗುತ್ತೆ. ಕಳೆದ ವರ್ಷದಿಂದ ನಾನು ಈ ಯುದ್ಧದ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಓದಿದಷ್ಟೂ ಸಿಟ್ಟು ಬರುತ್ತಿದೆ.

1983ರಲ್ಲಿ ಕೊಲಂಬೊದಲ್ಲಿ ತಮಿಳರ ಮೇಲೆ ಭಾರೀ ಹಲ್ಲೆ, ಕೊಲೆ ನಡೆದವು. ಆಮೇಲೆ ಅಲ್ಲಿನ ತಮಿಳು ಹುಡುಗರಿಗೆ ನಮ್ಮ ನೆಲದಲ್ಲೇ ಗುಟ್ಟಾಗಿ ಬಂದೂಕಿನ ತರಬೇತಿ ಕೊಟ್ಟೆವು. ಹಾಗೆ ಕಲಿತವರಲ್ಲಿ ಪ್ರತ್ಯೇಕ ತಮಿಳು ದೇಶಕ್ಕೆ ಹೊಡೆದಾಡುತ್ತಿದ್ದ ಎಲ್‌ಟಿಟಿಇಯವರೂ, ಅಂದರೆ ತಮಿಳು ಹುಲಿಗಳೂ ಇದ್ದರು. 1987ರ ಜೂನ್ 4ರಂದು ಜಾಫ್ನಾದ ಮೇಲೆ ಅಕ್ಕಿ, ಔಷಧಿ ಉದುರಿಸಿದ ಎಎನ್-32 ವಿಮಾನಗಳು ಹಾರಿದ್ದು ಎಲ್ಲಿಂದ ಅಂದುಕೊಂಡಿರಿ? ನಮ್ಮ ಬೆಂಗಳೂರಿನಿಂದ. ಜುಲೈ 29ಕ್ಕೆ ರಾಜೀವ್ ಗಾಂಧಿ, ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ ಕಾದಾಟ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನ ಗೌರವ ವಂದನೆ ಸ್ವೀಕರಿಸುತ್ತಿದ್ದ ರಾಜೀವ್ ಅವರಿಗೆ ಅಲ್ಲಿನ ನೌಕಾಪಡೆಯವನೊಬ್ಬ ಬಂದೂಕಿನ ಹಿಡಿಯಿಂದ ಹೊಡೆದ. ಆ ಫೋಟೋ ಎಲ್ಲರೂ ನೋಡಿದ್ದೇವೆ. ಆಮೇಲಿನದ್ದು ನೋಡಿಲ್ಲ.

ನಮ್ಮ ಸೈನ್ಯ ಹೋದದ್ದು ಶಾಂತಿಪಾಲನಾ ಪಡೆ ಅಂತ, ಐಪಿಕೆಎಫ್. ಮೊದಲು ಜಾಫ್ನಾದ ಜನ ಹಾರ ಹಾಕಿ ಬರಮಾಡಿಕೊಂಡರು. ಎಲ್‌ಟಿಟಿಇ ಒಂದಿಷ್ಟು ಆಯುಧ ಒಪ್ಪಿಸಿದ ಹಾಗೆ ಮಾಡಿತು. ಅಕ್ಟೋಬರ್ 5ಕ್ಕೆ ಜಾಫ್ನಾ ಹತ್ತಿರದ ಪಲಾಲಿಯಲ್ಲಿ ಶ್ರೀಲಂಕಾ ಸೈನ್ಯದ ಸೆರೆಯಲ್ಲಿದ್ದ ಎಲ್‌ಟಿಟಿಇಯ 12 ಜನ ಸೈನೈಡ್ ನುಂಗಿ ಸತ್ತರು. ಅಲ್ಲಿಗೆ ಶಾಂತಿ ಮುಗಿಯಿತು. ನಾವೇ ತರಬೇತಿ ಕೊಟ್ಟವರ ಮೇಲೆ ನಾವೇ ಗುಂಡು ಹಾರಿಸಬೇಕಾಯಿತು. ಅದಕ್ಕಿಟ್ಟ ಹೆಸರು ಆಪರೇಷನ್ ಪವನ್.

ಅಕ್ಟೋಬರ್ 11ರ ರಾತ್ರಿ ಜಾಫ್ನಾ ಯೂನಿವರ್ಸಿಟಿಯಲ್ಲಿ ಎಲ್‌ಟಿಟಿಇ ನಾಯಕರಿದ್ದಾರೆ ಅಂತ ಹೆಲಿಕಾಪ್ಟರ್‌ನಲ್ಲಿ ಯೋಧರನ್ನು ಇಳಿಸಿದರು. ನಮ್ಮವರ ರೇಡಿಯೋ ಮಾತು ಕದ್ದು ಕೇಳಿದ್ದ ಹುಲಿಗಳು ಕಾದು ಕೂತಿದ್ದರು. 13 ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನ ಅಲ್ಲಿ ಇಳಿದರು. ಹಿಂದೆ ಬರಬೇಕಿದ್ದವರು ಬರಲಾಗಲಿಲ್ಲ. ಆ 30ರಲ್ಲಿ 29 ಜನ ಸತ್ತರು, ಒಬ್ಬ ಸೆರೆ ಸಿಕ್ಕ. ಹೀಗೆ ಕಳಿಸಲು ತೀರ್ಮಾನ ಮಾಡಿದವರು ಯಾರು? ಯಾವ ಮಾಹಿತಿ ನಂಬಿ? ಇದಕ್ಕೆ ಆಗ ಅಧಿಕಾರದಲ್ಲಿದ್ದವರು ಆಮೇಲೆ ಬರೆದ ಪುಸ್ತಕಗಳೇ ಗತಿ. ಒಬ್ಬರು ಇನ್ನೊಬ್ಬರ ಮೇಲೆ ಹಾಕುತ್ತಾರೆ. ಅಲ್ಲಿ 54ನೇ ಡಿವಿಷನ್‌ನ ಮುಖ್ಯಸ್ಥರಾಗಿದ್ದ ಮೇಜರ್ ಜನರಲ್ ಹರ್ಕಿರತ್ ಸಿಂಗ್ ಒಂದು ವಿಷಯ ಬರೆದುಕೊಂಡಿದ್ದಾರೆ. ಮಾತುಕತೆಗೆ ಬರುವ ಎಲ್‌ಟಿಟಿಇ ನಾಯಕ ಪ್ರಭಾಕರನ್‌ನನ್ನು ಗುಂಡಿಟ್ಟು ಮುಗಿಸಿ ಅಂತ ಅಲ್ಲಿನ ನಮ್ಮ ಹೈಕಮಿಷನರ್ ಜೆ.ಎನ್. ದೀಕ್ಷಿತ್ ತಮಗೆ ಹೇಳಿದರಂತೆ. ಬಿಳಿ ಬಾವುಟದಡಿ ಬರುವವನನ್ನು ಕೊಲ್ಲಲ್ಲ ಅಂತ ಇವರು ಒಪ್ಪಲಿಲ್ಲವಂತೆ. ಇಂಥ ದೊಡ್ಡ ಮಾತಿಗೆ ಸಾಕ್ಷಿ ಒಬ್ಬರ ನೆನಪು ಮಾತ್ರ ಆಗಬೇಕಾ? ಕಡತ ಬಿಚ್ಚಿದರೆ ಆಗಲ್ವಾ?

ಇನ್ನೊಂದು ಇದೆ. ಇದನ್ನು ಬರೆದರೆ ಕೆಲವರು ಬೈತಾರೆ, ಗೊತ್ತು. ಆ ವರ್ಷದ ದೀಪಾವಳಿ, ಅಕ್ಟೋಬರ್ 21. ನಮ್ಮ ಸೈನಿಕರು ಜಾಫ್ನಾ ಆಸ್ಪತ್ರೆಯೊಳಗೆ ನುಗ್ಗಿದರು. ಮರುದಿನದ ಹೊತ್ತಿಗೆ ರೋಗಿಗಳು, ಡಾಕ್ಟರು, ನರ್ಸು ಎಲ್ಲ ಸೇರಿ 60ಕ್ಕೂ ಹೆಚ್ಚು ಜನ ಸತ್ತಿದ್ದರು. ಒಳಗಿನಿಂದ ಹುಲಿಗಳು ಗುಂಡು ಹಾರಿಸಿದರು, ಎರಡೂ ಕಡೆಯ ಗುಂಡಿಗೆ ಸಿಕ್ಕಿ ಸತ್ತರು ಅಂತ ನಮ್ಮ ಕಡೆಯವರು ಹೇಳಿದರು. ಹುಲಿಗಳು ಹೋಗಿಯಾಗಿತ್ತು, ಮಂಚದ ಕೆಳಗೆ ಬಚ್ಚಿಟ್ಟುಕೊಂಡವರನ್ನೂ ಬಿಡಲಿಲ್ಲ ಅಂತ ಬದುಕುಳಿದವರು ಹೇಳಿದರು. ನಾನು ಇದನ್ನು ಓದಿದ ದಿನ ದೊಡ್ಡಪ್ಪನ ಮುಖ ನೋಡಲು ಆಗಲಿಲ್ಲ. ಅವರು ಆಗ ಇನ್ನೂ ಹಡಗು ಹತ್ತಿರಲಿಲ್ಲ. ಆದರೂ.

ಇಷ್ಟಾದ ಮೇಲೆ ಒಂದು ಸಂಜೆ ಮನೆ ಮುಂದಿನ ಕಟ್ಟೆ ಮೇಲೆ ಕೂತು ನೇರವಾಗಿ ಕೇಳಿಯೇಬಿಟ್ಟೆ. ಮೋರಿ ಯಾಕೆ ನೋಡ್ತೀರಿ?

ಅವರು ಹೇಳಿದ ರೀತಿ ಹೊಲದ ಕೆಲಸ ಹೇಳಿದ ಹಾಗಿತ್ತು. ಬೆಳಗ್ಗೆ ಬೆಳಕು ಹರಿಯುವ ಮೊದಲೇ ಎದ್ದು ರಸ್ತೆಗಿಳಿಯಬೇಕು. ಲಾರಿಗಳು ಹೋಗುವ ಮೊದಲು ಇವರು ನಡೆದು ಹೋಗಿ ನೋಡಬೇಕು. ಮುಂದೆ ಇಬ್ಬರು ಲೋಹ ಹುಡುಕುವ ಮೆಷಿನ್ ಹಿಡಿದು. ಹುಲಿಗಳು ಮದ್ದನ್ನು ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿ ಹೂಳುತ್ತಿದ್ದರು. ನಾವು ನೀರು ತುಂಬಿಡುತ್ತೇವಲ್ಲ, ಆ ಥರದ್ದು. ಪ್ಲಾಸ್ಟಿಕ್‌ಗೆ ಮೆಷಿನ್ ಕೂಗುವುದಿಲ್ಲ. ಅದಕ್ಕೆ ಇನ್ನೊಬ್ಬ ಮಂಡಿಯೂರಿ ಕಬ್ಬಿಣದ ಕಡ್ಡಿಯನ್ನು ಓರೆಯಾಗಿ ಮಣ್ಣಿಗೆ ಚುಚ್ಚುತ್ತಾ ಹೋಗಬೇಕು. ನೇರ ಚುಚ್ಚಬಾರದು. ಆ ಇನ್ನೊಬ್ಬ ದೊಡ್ಡಪ್ಪ. ಡಾಂಬರಿನ ಕೆಳಗೆ ಹೂಳುವುದಕ್ಕಿಂತ ಮೋರಿಯೊಳಗೆ ಇಡುವುದು ಸುಲಭ. ಅಲ್ಲಿಂದ ಒಂದು ವೈರ್ ತಾಳೆಮರದ ತೋಪಿನ ಕಡೆಗೆ ಹೋಗಿರುತ್ತೆ. ತೋಪಿನಲ್ಲಿ ಒಬ್ಬ ಹುಡುಗ ಬ್ಯಾಟರಿ ಹಿಡಿದು ಕೂತಿರುತ್ತಾನೆ.

“ವೈರ್ ಸಿಕ್ತು ಅಂದ್ರೆ ಆವತ್ತು ಊಟ ಸೇರ್ತಿತ್ತು. ಸಿಗ್ಲಿಲ್ಲ ಅಂದ್ರೆ ಇಲ್ಲ ಅಂತಲ್ವಲ್ಲಪ್ಪ, ನಮಗೆ ಕಾಣ್ಲಿಲ್ಲ ಅಂತ.”

ರೆಜಿಮೆಂಟಿನಲ್ಲಿ ತಮಿಳು ಕಲಿತಿದ್ದರು. ಅದಕ್ಕೇ ಜನರ ಹತ್ತಿರ ಮಾತಾಡಲು ಇವರನ್ನೇ ಮುಂದೆ ಬಿಡುತ್ತಿದ್ದರಂತೆ. ಒಂದು ಊರಿನಲ್ಲಿ ಒಬ್ಬ ಮುದುಕಿ ಬಾವಿಯಿಂದ ನೀರು ಸೇದಿ ಕೊಟ್ಟು, ಇವರು ಕುಡಿದು ಮುಗಿಸಿದ ಮೇಲೆ ಒಂದು ಮಾತು ಅಂದಳಂತೆ. ಅದನ್ನು ದೊಡ್ಡಪ್ಪ ತಮಿಳಲ್ಲೇ ಹೇಳಿದರು. ನನಗೆ ಅರ್ಥ ಆಗಲಿಲ್ಲ. ಕನ್ನಡದಲ್ಲಿ ಹೇಳಿ ಅಂದೆ. “ಬ್ಯಾಡ ಬಿಡು” ಅಂದು ಒಳಗೆ ಹೋದರು.

ನಮ್ಮ ಚಿತ್ರದುರ್ಗದವರಿಗೆ ಯುದ್ಧದ ಕಥೆ ಹೇಳಲು ಬರಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಕೋಟೆಗೆ ಬಂದವರನ್ನು ನಾವು ಕಿಂಡಿಯ ಹತ್ತಿರ ನಿಲ್ಲಿಸಿ ಓಬವ್ವನ ಕಥೆ ಹೇಳುತ್ತೇವೆ. ಕಾವಲಿನ ಗಂಡ ಊಟಕ್ಕೆ ಕೂತಿದ್ದ, ಇವಳು ನೀರಿಗೆ ಬಂದವಳು ಸಪ್ಪಳ ಕೇಳಿದಳು, ಒನಕೆ ತಂದಳು. ಮೊನ್ನೆ ಮೊನ್ನೆ ಪಕ್ಕದ ಮನೆಯಲ್ಲಿ ನಡೆದ ಹಾಗೆ. ಯಾವ ದಫ್ತರವೂ ಕಾಪಾಡಿದ ಕಥೆ ಅಲ್ಲ ಅದು, ಬಾಯಿಂದ ಬಾಯಿಗೆ ಬಂದದ್ದು. ಕೋಟೆ 1779ರಲ್ಲಿ ಹೈದರಾಲಿ ವಶವಾಯಿತು. ನಾವು ಸೋತೆವು. ಸೋತಿದ್ದಕ್ಕೆ ಕಥೆ ಹೇಳುವುದನ್ನು ಬಿಟ್ಟೆವಾ? ಮದಕರಿ ನಾಯಕನಿಗೆ ಮೋಸ ಆಯಿತಾ, ಅವನದ್ದೇ ತಪ್ಪಿತ್ತಾ ಅಂತ ಗಾಂಧಿ ಸರ್ಕಲ್‌ನ ಟೀ ಅಂಗಡಿಯಲ್ಲಿ ಇವತ್ತಿಗೂ ಜಗಳ ಆಡುತ್ತೇವೆ. 1987ರ ಯುದ್ಧಕ್ಕೆ ಹೋಗಿ ಬಂದವರು ನಮ್ಮ ಜೊತೆಗೇ ಕೂತು ಅದೇ ಟೀ ಕುಡಿಯುತ್ತಾರೆ. ಅವರನ್ನು ಒಂದು ಮಾತು ಕೇಳಲ್ಲ.

ಸರ್ಕಾರದ್ದು ಬೇರೆಯೇ ಕಥೆ. 1962ರ ಚೀನಾ ಯುದ್ಧದಲ್ಲಿ ಏನು ತಪ್ಪಾಯಿತು ಅಂತ ಹೆಂಡರ್ಸನ್ ಬ್ರೂಕ್ಸ್, ಭಗತ್ ಇಬ್ಬರು ಅಧಿಕಾರಿಗಳು 1963ರಲ್ಲೇ ವರದಿ ಕೊಟ್ಟರು. ಅದನ್ನು ಸರ್ಕಾರ ಇನ್ನೂ ಬಹಿರಂಗ ಮಾಡಿಲ್ಲ. 2010ರಲ್ಲಿ ರಕ್ಷಣಾ ಮಂತ್ರಿ ಆಂಟನಿ ಕೊಡಲ್ಲ ಅಂದರು. ಅರುಣ್ ಜೇಟ್ಲಿ ವಿರೋಧ ಪಕ್ಷದಲ್ಲಿದ್ದಾಗ ಬಹಿರಂಗ ಮಾಡಿ ಅಂದರು, 2014ರಲ್ಲಿ ತಾವೇ ರಕ್ಷಣಾ ಮಂತ್ರಿಯಾದ ಮೇಲೆ ದೇಶದ ಹಿತಕ್ಕೆ ಒಳ್ಳೆಯದಲ್ಲ ಅಂದರು. ಅದಕ್ಕೇ ಕಾಮೆಂಟಿನಲ್ಲಿ ಪಕ್ಷ ಹಿಡಿದು ಕಿತ್ತಾಡಬೇಡಿ, ಬೀಗದ ಕೈ ಇಬ್ಬರ ಹತ್ತಿರವೂ ಇತ್ತು. 2021ರ ಜೂನ್‌ನಲ್ಲಿ ರಕ್ಷಣಾ ಇಲಾಖೆ ಹೊಸ ನೀತಿ ತಂದಿತು. ಯುದ್ಧದ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ಬಿಚ್ಚಬೇಕು ಅಂತ ಅದರಲ್ಲೇ ಇದೆ. ಓದಿದಾಗ ಖುಷಿಯಾಗಿತ್ತು. ನಮ್ಮ ಕೊನೆಯ ಸೈನಿಕ ಶ್ರೀಲಂಕಾ ಬಿಟ್ಟದ್ದು 1990ರ ಮಾರ್ಚ್ 24ಕ್ಕೆ. ಲೆಕ್ಕ ನೀವೇ ಹಾಕಿ.

ಆ ವಾಪಸಾತಿಯದ್ದೂ ಒಂದು ಅವಮಾನ. ಅಲ್ಲಿ ಹೊಸ ಅಧ್ಯಕ್ಷ ಪ್ರೇಮದಾಸ ಜಾಗ ಖಾಲಿ ಮಾಡಿ ಅಂದ. ಸಾಲದ್ದಕ್ಕೆ ನಮ್ಮವರ ಮೇಲೆ ಹೊಡೆದಾಡಲು ಹುಲಿಗಳಿಗೇ ಆಯುಧ ಕೊಟ್ಟ. ಇಲ್ಲಿ ಮದ್ರಾಸಿಗೆ ಹಡಗು ಬಂದಾಗ ಮುಖ್ಯಮಂತ್ರಿ ಕರುಣಾನಿಧಿ ಬರಮಾಡಿಕೊಳ್ಳಲು ಹೋಗಲಿಲ್ಲ. ಸುಮಾರು 1,200 ಜನ ಸತ್ತಿದ್ದರು. ಮರು ವರ್ಷ ಶ್ರೀಪೆರಂಬುದೂರಿನಲ್ಲಿ ಎಲ್‌ಟಿಟಿಇಯಿಂದ ರಾಜೀವ್ ಹತ್ಯೆ, ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯಲ್ಲಿ ಆ ಹತ್ಯೆಯ ಸಂಚುಗಾರ ಶಿವರಾಸನ್ ಸಾವು. ಆ ಪೇಪರುಗಳು ನನ್ನ ವಯಸ್ಸಿನ ಎಲ್ಲರಿಗೂ ನೆನಪಿದೆ. ಅದಕ್ಕೂ ನಮ್ಮ ಮನೆಯ ಟೇಪ್‌ರೆಕಾರ್ಡರ್‌ಗೂ ಸಂಬಂಧ ಇದೆ ಅಂತ ಆಗ ಹೊಳೆದೇ ಇರಲಿಲ್ಲ.

ಕಡತ ಬಿಚ್ಚಿದರೆ ಸೈನ್ಯದ ಮರ್ಯಾದೆ ಹೋಗುತ್ತೆ ಅನ್ನುವವರಿಗೆ ನನ್ನದೊಂದೇ ಪ್ರಶ್ನೆ. ಮೇಜರ್ ರಾಮಸ್ವಾಮಿ ಪರಮೇಶ್ವರನ್ ಯಾರು ಹೇಳಿ ನೋಡೋಣ? 1987ರ ನವೆಂಬರ್ 25. ಎದೆಗೆ ಗುಂಡು ಬಿದ್ದ ಮೇಲೂ ಎದುರಿನವನ ಬಂದೂಕು ಕಿತ್ತುಕೊಂಡು ಅವನನ್ನು ಹೊಡೆದು, ಸಾಯುವ ತನಕ ತನ್ನವರಿಗೆ ಆದೇಶ ಕೊಟ್ಟವರು. ಪರಮವೀರ ಚಕ್ರ ಬಂದಿದೆ. ಕಾರ್ಗಿಲ್‌ನ ವಿಕ್ರಂ ಬಾತ್ರಾ ಹೆಸರು ನನ್ನ ಮಗಳಿಗೂ ಗೊತ್ತು. ಇವರದ್ದು ನನಗೇ ಗೊತ್ತಿರಲಿಲ್ಲ. ಮುಚ್ಚಿಡುವ ಪೆಟ್ಟಿಗೆಗೆ ಕೆಟ್ಟದ್ದನ್ನು ಮಾತ್ರ ಮುಚ್ಚಲು ಬರುವುದಿಲ್ಲ. ಆಸ್ಪತ್ರೆಯಲ್ಲಿ ಸತ್ತವರು, ಯೂನಿವರ್ಸಿಟಿ ಮೈದಾನದಲ್ಲಿ ಸತ್ತವರು, ಮಂಡಿಯೂರಿ ಮಣ್ಣು ಚುಚ್ಚಿದವರು ಎಲ್ಲ ಅದರೊಳಗೇ ಇದ್ದಾರೆ. ತಮಾಷೆ ನೋಡಿ, ನಮ್ಮವರಿಗೆ ದೆಹಲಿಗಿಂತ ಮೊದಲೇ ಸ್ಮಾರಕ ಕಟ್ಟಿದ್ದು ಶ್ರೀಲಂಕಾ ಸರ್ಕಾರ, ಕೊಲಂಬೊ ಪಕ್ಕದಲ್ಲಿ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ ಆಗಿದ್ದು 2019ರಲ್ಲಿ.

ಈಗ ನಾನು ವಾರಕ್ಕೊಂದು ಸಲ ದೊಡ್ಡಪ್ಪನ ಹತ್ತಿರ ಕೂತು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುತ್ತಿದ್ದೇನೆ. ಕೆಲವು ದಿನ ಇಪ್ಪತ್ತು ನಿಮಿಷ ಮಾತಾಡುತ್ತಾರೆ. ಕೆಲವು ದಿನ ಈರುಳ್ಳಿ ರೇಟು ಬಿಟ್ಟು ಬೇರೆ ಮಾತಿಲ್ಲ.

ಈ ಪೋಸ್ಟ್ ಹಾಕುತ್ತೇನೆ ಅಂದಾಗ ಅವರು ಕೇಳಿದ್ದು ಒಂದೇ. 1988ರಲ್ಲಿ ವವುನಿಯಾದ ಕಡೆ ಇವರಿಗೆ ನೀರಿನ ಲಾರಿ ತರುತ್ತಿದ್ದ ಡ್ರೈವರ್ ಒಬ್ಬ ಇದ್ದನಂತೆ. ನಮ್ಮ ಕಡೆಯವನೇ, ಹರಿಹರದವನು. ಹೆಸರು ಮರೆತಿದೆ, ಎಲ್ಲರೂ ಹರಿಹರ ಅಂತಲೇ ಕರೆಯುತ್ತಿದ್ದರು. ಎಡಗೈಯಲ್ಲಿ ಗಡಿಯಾರ ಕಟ್ಟುತ್ತಿರಲಿಲ್ಲ, ಬಲಗೈಗೆ ಕಟ್ಟುತ್ತಿದ್ದ. ಒಂದು ದಿನ ಬೆಳಗ್ಗೆ ಇವರು ನೋಡಿ ಬಿಟ್ಟ ರಸ್ತೆಯಲ್ಲೇ ಆ ಲಾರಿ ಮುಂದೆ ಹೋಯಿತು. ಆಮೇಲೆ ಇವರ ಕಂಪನಿಯನ್ನು ಬೇರೆ ಕಡೆ ಹಾಕಿದರು. ಅವನು ಊರಿಗೆ ಬಂದನೋ ಇಲ್ಲವೋ ದೊಡ್ಡಪ್ಪನಿಗೆ ಗೊತ್ತಿಲ್ಲ. ಹರಿಹರದ ಕಡೆಯವರು ಯಾರಾದರೂ ಓದುತ್ತಿದ್ದರೆ, ನಿಮ್ಮ ಮನೆಯಲ್ಲಿ ಬಲಗೈಗೆ ಗಡಿಯಾರ ಕಟ್ಟುವ ಮಿಲ್ಟ್ರಿ ಡ್ರೈವರ್ ಇದ್ದರೆ, ನನಗೊಂದು ಮೆಸೇಜ್ ಹಾಕಿ.